ಡಾಂಬರು ಕಿತ್ತು ಜಲ್ಲಿ ಹಾಸಿದ ಕೌಂಟಿ: ಉತ್ತರ ಡಕೋಟಾದ ಹಳ್ಳಿ ರಸ್ತೆಗಳ ಲೆಕ್ಕಾಚಾರ

2010ರ ಬೇಸಿಗೆಯಲ್ಲಿ ಅಮೆರಿಕದ ಉತ್ತರ ಡಕೋಟಾ ರಾಜ್ಯದ ಸ್ಟಟ್ಸ್‌ಮನ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗಿನ ಆಡಳಿತ ಘಟಕ) ತನ್ನದೇ ಡಾಂಬರು ರಸ್ತೆಯೊಂದನ್ನು ಯಂತ್ರ ಬಿಟ್ಟು ಪುಡಿ ಮಾಡಿಸಿತು. ಸ್ಪಿರಿಟ್‌ವುಡ್ ಅನ್ನುವ ಪುಟ್ಟ ಊರಿನ ಪಕ್ಕದಲ್ಲಿ ಹಾದುಹೋಗುವ ಹಳೇ ಹೆದ್ದಾರಿ 10 ಅದು. ಆಗ ಆ ಊರಿನಲ್ಲಿ ಇದ್ದವರು 78 ಜನ. ಸುಮಾರು ಹತ್ತು ಮೈಲಿ ಉದ್ದಕ್ಕೆ ರಸ್ತೆ ಎಷ್ಟು ಹಾಳಾಗಿತ್ತು ಅಂದರೆ, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಬಾತುಕೋಳಿಗಳು ತೇಲುವುದನ್ನು ನೋಡಿದ್ದೇವೆ ಎಂದು ಅಲ್ಲಿನವರು ಹೇಳುತ್ತಿದ್ದರು. ಹೊಸದಾಗಿ ಡಾಂಬರು ಹಾಕಿಸುವಷ್ಟು ದುಡ್ಡು ಕೌಂಟಿಯ ಹತ್ತಿರ ಇರಲಿಲ್ಲ. ಹಾಗಾಗಿ ಸುಮಾರು 4 ಲಕ್ಷ ಡಾಲರ್ ಕೊಟ್ಟು, ರಸ್ತೆಯನ್ನು ಅರೆದು ಪುಡಿ ಮಾಡುವ ಯಂತ್ರವನ್ನೇ ಕೊಂಡಿತು. 2010ರ ಜೂನ್‌ನಲ್ಲಿ, ರಸ್ತೆಗಳಿಗಾಗಿ ಆಸ್ತಿ ತೆರಿಗೆ ಮತ್ತು ಮಾರಾಟ ತೆರಿಗೆ ಹೆಚ್ಚಿಸೋಣವೇ ಎಂದು ಮತದಾರರನ್ನು ಕೇಳಲಾಯಿತು. ಅವರು ಬೇಡ ಅಂದರು.

ಈ ಸುದ್ದಿ ಆಗ ಅಮೆರಿಕದ ತುಂಬಾ ಓಡಾಡಿತು. ಜಗತ್ತಿನ ಅತಿ ಶ್ರೀಮಂತ ದೇಶ ಡಾಂಬರು ಕಿತ್ತು ಮಣ್ಣಿನ ರಸ್ತೆಗೆ ಮರಳುತ್ತಿದೆ ಎಂದು ಕೆಲವರು ಗಾಬರಿಪಟ್ಟರು. ಹದಿನೈದು ವರ್ಷ ಕಳೆದರೂ ಆ ಪ್ರಶ್ನೆ ಇನ್ನೂ ಹಾಗೇ ನಿಂತಿದೆ. ಜಾಸ್ತಿಯೇ ಆಗಿದೆ ಅನ್ನಬೇಕು. ಯಾಕೆಂದರೆ ಇದು ಒಂದು ವರ್ಷದ ಬಜೆಟ್ ಕೊರತೆಯಿಂದ ಹುಟ್ಟಿದ ತೊಂದರೆ ಅಲ್ಲವೇ ಅಲ್ಲ. ಈ ರಸ್ತೆಗಳನ್ನು ಹಾಕಿದ್ದು ಒಂದು ಕಾಲದ ಜನರಿಗಾಗಿ. ಈಗ ಅವುಗಳ ಮೇಲೆ ಓಡುತ್ತಿರುವುದು ಬೇರೆಯೇ ಥರದ ಭಾರ. ದುಡ್ಡು ಕೊಡಬೇಕಾದವರು ಮೂರನೇ ಗುಂಪಿನವರು. ಈ ಮೂರೂ ಒಂದಕ್ಕೊಂದು ಹೊಂದುತ್ತಿಲ್ಲ. ಯಾವ ರಸ್ತೆ ಉಳಿಯಬೇಕು, ಯಾವುದನ್ನು ಕೈಬಿಡಬೇಕು ಎಂದು ಯಾರೂ ಕೂತು ತೀರ್ಮಾನಿಸದೆ ಹೋದರೆ, ಆ ತೀರ್ಮಾನವನ್ನು ಮಳೆ, ಹಿಮ ಮತ್ತು ಟ್ರಕ್ಕುಗಳು ಮಾಡುತ್ತವೆ. ಇವತ್ತು ಬಹಳ ಕಡೆ ಆಗುತ್ತಿರುವುದು ಅದೇ.

ಪ್ರತಿ ಮೈಲಿಗೊಂದು ಗೆರೆ

ಸ್ಟಟ್ಸ್‌ಮನ್ ಕೌಂಟಿಯ ನಕ್ಷೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಚೌಕಗಳು. ಉತ್ತರ ದಕ್ಷಿಣಕ್ಕೆ, ಪೂರ್ವ ಪಶ್ಚಿಮಕ್ಕೆ, ಒಂದೊಂದು ಮೈಲಿಗೆ ಒಂದೊಂದು ನೇರ ಗೆರೆ. ಬೆಟ್ಟ ಬಂದರೂ ಕೆರೆ ಬಂದರೂ ಗೆರೆ ಬಾಗುವುದಿಲ್ಲ. ಇದರ ಮೂಲ 1785ರಲ್ಲಿ ಅಮೆರಿಕ ಮಾಡಿಕೊಂಡ ಭೂಮಿ ಅಳತೆಯ ಕಾನೂನಿನಲ್ಲಿದೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದು ಚದರ ಮೈಲಿಯ 36 ತುಂಡುಗಳು. ಒಂದು ತುಂಡಿಗೆ ಸೆಕ್ಷನ್ ಅನ್ನುತ್ತಾರೆ. ಅದು 640 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ ಕೊಟ್ಟಿದ್ದು ಅದರ ಕಾಲು ಭಾಗ, ಅಂದರೆ 160 ಎಕರೆ. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಜಮೀನು ನಿಮ್ಮದು. ಈ ಜಮೀನು ಮೊದಲು ಇಲ್ಲಿನ ಮೂಲನಿವಾಸಿಗಳದ್ದಾಗಿತ್ತು, ಅವರನ್ನು ಬದಿಗೆ ತಳ್ಳಿಯೇ ಈ ಚೌಕಗಳನ್ನು ಎಳೆದದ್ದು ಅನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಸೆಕ್ಷನ್ ಗೆರೆಯ ಎರಡೂ ಬದಿಗೆ 33 ಅಡಿ, ಒಟ್ಟು 66 ಅಡಿ ಅಗಲದ ಜಾಗ ಸಾರ್ವಜನಿಕ ದಾರಿಗೆ ಮೀಸಲು. ಡಕೋಟಾ ಇನ್ನೂ ರಾಜ್ಯವಾಗುವ ಮೊದಲೇ ಈ ನಿಯಮ ಬಂದಿತ್ತು. ಈಗಲೂ ಉತ್ತರ ಡಕೋಟಾದಲ್ಲಿ ಅದೇ ಕಾನೂನು. ರಸ್ತೆ ಹಾಕಿರಲಿ ಬಿಡಲಿ, ಆ ಗೆರೆಯ ಮೇಲೆ ಓಡಾಡುವ ಹಕ್ಕು ಎಲ್ಲರಿಗೂ ಇದೆ.

ಈಗ ಲೆಕ್ಕ ಹಾಕಿ ನೋಡಿ. ಒಂದು ಚದರ ಮೈಲಿಗೆ ಎರಡು ಮೈಲಿ ಗೆರೆ ಬೀಳುತ್ತದೆ. ಕೌಂಟಿಯ ವಿಸ್ತೀರ್ಣ ಸುಮಾರು 2,300 ಚದರ ಮೈಲಿ, ಅಂದರೆ 6,000 ಚದರ ಕಿಲೋಮೀಟರ್ ಹತ್ತಿರ. ಎಲ್ಲ ಗೆರೆಯ ಮೇಲೂ ರಸ್ತೆ ಹಾಕಿದರೆ 4,600 ಮೈಲಿ ಆಗುತ್ತದೆ. ಎಲ್ಲ ಕಡೆ ಹಾಕಿಲ್ಲ, ನಿಜ. ಆದರೂ ಪ್ರತಿ ಸೆಕ್ಷನ್ನಿನಲ್ಲಿ ನಾಲ್ಕು ಮನೆ ಇರುತ್ತವೆ, ಪ್ರತಿ ಮನೆಗೂ ಗಾಡಿ ಹೋಗಬೇಕು ಎಂಬ ಲೆಕ್ಕದಲ್ಲೇ ಇಡೀ ನಕ್ಷೆ ಹುಟ್ಟಿದ್ದು.

ಆ ನಾಲ್ಕು ಮನೆಗಳು ಈಗ ಇಲ್ಲ. ಉತ್ತರ ಡಕೋಟಾದಲ್ಲಿ ಸರಾಸರಿ ಒಂದು ಕೃಷಿ ಜಮೀನು ಸುಮಾರು 1,500 ಎಕರೆ. ಅಂದರೆ ಒಂಬತ್ತು ಹತ್ತು ಕುಟುಂಬಗಳ ಪಾಲು ಈಗ ಒಂದೇ ಕೈಯಲ್ಲಿ. 1930ರಲ್ಲಿ ಸ್ಟಟ್ಸ್‌ಮನ್ ಕೌಂಟಿಯಲ್ಲಿ ಸುಮಾರು 26 ಸಾವಿರ ಜನ ಇದ್ದರು. ಅದರಲ್ಲಿ 8 ಸಾವಿರದಷ್ಟು ಜನ ಕೌಂಟಿ ಕೇಂದ್ರವಾದ ಜೇಮ್ಸ್‌ಟೌನ್‌ನಲ್ಲಿ, ಉಳಿದ 18 ಸಾವಿರ ಹಳ್ಳಿಗಾಡಿನಲ್ಲಿ. 2020ರ ಜನಗಣತಿಯಲ್ಲಿ ಕೌಂಟಿಗೆ ಸಿಕ್ಕ ಲೆಕ್ಕ 21,593. ಜೇಮ್ಸ್‌ಟೌನ್ ಒಂದರಲ್ಲೇ 15,849. ಹೊರಗೆ ಉಳಿದವರು 6 ಸಾವಿರಕ್ಕಿಂತ ಕಡಿಮೆ. ಒಟ್ಟು ಸಂಖ್ಯೆ ಮಾತ್ರ ನೋಡಿದರೆ ಕೌಂಟಿ ಅಷ್ಟೇನೂ ಖಾಲಿಯಾಗಿಲ್ಲ ಅನ್ನಿಸುತ್ತದೆ. ಆದರೆ ಹಳ್ಳಿಗಾಡು ಮೂರರಲ್ಲಿ ಎರಡು ಪಾಲು ಖಾಲಿಯಾಗಿದೆ. ಅಷ್ಟೂ ರಸ್ತೆ ಇರುವುದು ಅಲ್ಲೇ. ದೊಡ್ಡ ಕುಟುಂಬಕ್ಕೆಂದು ಕಟ್ಟಿದ ತೊಟ್ಟಿ ಮನೆಯಲ್ಲಿ ಇಬ್ಬರೇ ಉಳಿದ ಹಾಗೆ ಇದು. ಇರುವವರು ಇಬ್ಬರಾದರೂ ಮಳೆ ಬಂದಾಗ ಎಲ್ಲ ಕೋಣೆಗಳೂ ಸೋರುತ್ತವೆ.

ರೈಲು ಹುಟ್ಟಿಸಿದ ಊರುಗಳು

ಇಲ್ಲಿನ ಸಣ್ಣ ಊರುಗಳನ್ನು ಹುಟ್ಟಿಸಿದ್ದು ರೈಲು. ನಾರ್ದರ್ನ್ ಪೆಸಿಫಿಕ್ ಕಂಪನಿಯ ಹಳಿ 1870ರ ದಶಕದ ಶುರುವಿನಲ್ಲಿ ಜೇಮ್ಸ್ ನದಿ ತಲುಪಿತು. ಅಲ್ಲೇ ಜೇಮ್ಸ್‌ಟೌನ್ ಎದ್ದಿತು. ಆಮೇಲೆ ಪಶ್ಚಿಮಕ್ಕೆ ಕ್ಲೀವ್‌ಲ್ಯಾಂಡ್, ಮೆಡಿನಾ. ಉತ್ತರಕ್ಕೆ ಹೋದ ಕವಲು ಹಳಿಯಲ್ಲಿ ಬುಕಾನನ್, ಪಿಂಗ್ರೀ. ದಕ್ಷಿಣಕ್ಕೆ ನದಿ ಜೊತೆ ಸಾಗಿದ ಹಳಿಯಲ್ಲಿ ಇಪ್ಸಿಲಾಂಟಿ, ಮಾಂಟ್‌ಪೀಲಿಯರ್. ಸೂ ಲೈನ್ ಎಂಬ ಇನ್ನೊಂದು ಕಂಪನಿಯ ಹಳಿಯಲ್ಲಿ ಕೋರ್ಟ್ನಿ ಮತ್ತು ಕೆನ್ಸಲ್. ಈ ಬಯಲಿನಲ್ಲಿ ರೈಲು ಊರುಗಳ ಅಂತರಕ್ಕೂ ಒಂದು ಲೆಕ್ಕ ಇತ್ತು. ರೈತ ಬೆಳಿಗ್ಗೆ ಕುದುರೆ ಗಾಡಿಯಲ್ಲಿ ಗೋಧಿ ಹೇರಿಕೊಂಡು ಹೊರಟರೆ, ಎಲಿವೇಟರ್‌ನಲ್ಲಿ ಇಳಿಸಿ, ಅಂಗಡಿ ಕೆಲಸ ಮುಗಿಸಿ, ಕತ್ತಲಾಗುವ ಹೊತ್ತಿಗೆ ಮನೆ ಸೇರಬೇಕು. ಎಲಿವೇಟರ್ ಅಂದರೆ ಹಳಿ ಪಕ್ಕದಲ್ಲಿ ಎತ್ತರವಾಗಿ ನಿಂತಿರುವ ಧಾನ್ಯದ ಗೋದಾಮು. ಅದು ಇದ್ದರೆ ಊರು, ಇಲ್ಲದಿದ್ದರೆ ಸುಮ್ನೆ ಒಂದು ಅಡ್ಡರಸ್ತೆ.

ಟ್ರಕ್ ಬಂದ ಮೇಲೆ ಆ ಅಂತರಕ್ಕೆ ಅರ್ಥ ಉಳಿಯಲಿಲ್ಲ. ರೈಲು ಕಂಪನಿಗಳು ನೂರಕ್ಕೂ ಜಾಸ್ತಿ ಬೋಗಿಗಳನ್ನು ಒಂದೇ ಸಲ ತುಂಬಿ ಕಳಿಸುವ ದೊಡ್ಡ ಎಲಿವೇಟರ್‌ಗಳಿಗೆ ಕಡಿಮೆ ದರ ಕೊಟ್ಟವು. ಸಣ್ಣ ಎಲಿವೇಟರ್‌ಗಳು ಒಂದೊಂದಾಗಿ ಮುಚ್ಚಿದವು. ಕವಲು ಹಳಿಗಳನ್ನು ಕಿತ್ತರು. ಈಗ ಮೆಡಿನಾದಲ್ಲಿ ಮುನ್ನೂರರ ಒಳಗೆ ಜನ. ಕೋರ್ಟ್ನಿಯಲ್ಲಿ ಐವತ್ತೂ ಇಲ್ಲ. ಎರಡು ಮೂರು ಮೈಲಿ ಹೋಗುತ್ತಿದ್ದ ಗೋಧಿ ಈಗ ಮೂವತ್ತು ನಲವತ್ತು ಮೈಲಿ ಹೋಗುತ್ತದೆ. ಹಳಿ ಹೊರುತ್ತಿದ್ದ ಭಾರ ರಸ್ತೆಯ ಮೇಲೆ ಬಂತು. ರೈಲು ಕಂಪನಿಯ ಖರ್ಚಿನ ಪಟ್ಟಿಯಿಂದ ಅಳಿಸಿಹೋದದ್ದು ಕೌಂಟಿಯ ಪಟ್ಟಿಗೆ ಸೇರಿತು. ಇದರ ಬಗ್ಗೆ ಯಾರೂ ಮತ ಹಾಕಲಿಲ್ಲ, ಯಾವ ಸಭೆಯಲ್ಲೂ ಠರಾವು ಆಗಲಿಲ್ಲ. ಇಡೀ ಕತೆಯಲ್ಲಿ ನನಗೆ ಅತಿ ಅನ್ಯಾಯ ಅನ್ನಿಸುವ ಭಾಗ ಇದೇ.

ಹಳೇ ಹೆದ್ದಾರಿ 10 ಕೌಂಟಿಯ ಪಾಲಿಗೆ ಬಂದದ್ದೂ ಹೀಗೇ. ಒಂದು ಕಾಲದಲ್ಲಿ ಅದು ಡೆಟ್ರಾಯಿಟ್‌ನಿಂದ ಸಿಯಾಟಲ್‌ವರೆಗೆ ಹೋಗುತ್ತಿದ್ದ ರಾಷ್ಟ್ರೀಯ ಹೆದ್ದಾರಿಯ ಭಾಗ. ಆಮೇಲೆ ಇಂಟರ್‌ಸ್ಟೇಟ್ 94 ಎಂಬ ಹೊಸ ಅಂತರರಾಜ್ಯ ಹೆದ್ದಾರಿ ಬಂತು. ಉತ್ತರ ಡಕೋಟಾದಲ್ಲಿ ಇಂಟರ್‌ಸ್ಟೇಟ್‌ನ ಮೊದಲ ತುಂಡು 1958ರಲ್ಲಿ ತೆರೆದದ್ದು ವ್ಯಾಲಿ ಸಿಟಿ ಮತ್ತು ಜೇಮ್ಸ್‌ಟೌನ್ ನಡುವೆ. ಸ್ಪಿರಿಟ್‌ವುಡ್ ಇರುವುದು ಸರಿಯಾಗಿ ಅಲ್ಲೇ. ಹೊಸ ರಸ್ತೆಗೆ ನೂರರಲ್ಲಿ ತೊಂಬತ್ತು ಡಾಲರ್ ಕೇಂದ್ರ ಸರ್ಕಾರದ್ದು. ಹಳೆಯ ರಸ್ತೆ ಸ್ಥಳೀಯರ ತಲೆಗೆ ಬಂತು. ಅದರ ಅಗಲ, ಅದರ ಡಾಂಬರು, ಅದರ ಮೋರಿಗಳು ಎಲ್ಲವೂ ದೇಶದ ಹೆದ್ದಾರಿಯ ಅಳತೆಯವು. ನೋಡಿಕೊಳ್ಳುವ ಕೈ ಮಾತ್ರ ಒಂದು ಕೌಂಟಿಯದ್ದು.

ಭಾರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು

ರಸ್ತೆ ಹಾಳಾಗುವುದು ಗಾಡಿಗಳ ಸಂಖ್ಯೆಯಿಂದ ಎಂದು ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುವುದು ಒಂದೊಂದು ಅಚ್ಚಿನ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ದಂಡದ) ಮೇಲೆ ಬೀಳುವ ಭಾರ. ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ 1958ರಿಂದ 1960ರವರೆಗೆ ಇದಕ್ಕಾಗಿಯೇ ರಸ್ತೆ ಕಟ್ಟಿ, ಅದರ ಮೇಲೆ ಹಗಲು ರಾತ್ರಿ ಟ್ರಕ್ ಓಡಿಸಿ ನೋಡಿದರು. ಅದರಿಂದ ಸಿಕ್ಕ ಸೂತ್ರವನ್ನು ಎಂಜಿನಿಯರ್‌ಗಳು ಇವತ್ತಿಗೂ ಬಳಸುತ್ತಾರೆ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ. ಹಾಗಾಗಿ ತುಂಬಿದ ಒಂದು ಸೆಮಿ ಟ್ರಕ್ (ಉದ್ದನೆಯ ಟ್ರೇಲರ್ ಲಾರಿ) ಮಾಡುವಷ್ಟು ಹಾನಿಯನ್ನು ಮಾಡಲು ಸಾವಿರಾರು ಕಾರುಗಳು ಬೇಕು. ದಿನಕ್ಕೆ ಐವತ್ತು ಗಾಡಿ ಓಡುವ ರಸ್ತೆ ಅಂದಾಗ ಅದು ಹಗುರ ಬಳಕೆ ಅನ್ನಿಸುತ್ತದೆ. ಆ ಐವತ್ತರಲ್ಲಿ ಹದಿನೈದು ಧಾನ್ಯದ ಟ್ರಕ್ ಇದ್ದರೆ ಲೆಕ್ಕವೇ ಬೇರೆ.

ಇದರ ಜೊತೆಗೆ ಚಳಿ. ಇಲ್ಲಿ ನೆಲ ಹಲವಾರು ಅಡಿ ಆಳಕ್ಕೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ರಸ್ತೆ ಕಲ್ಲಿನಷ್ಟು ಗಟ್ಟಿ, ಎಷ್ಟು ಭಾರ ಹೇರಿದರೂ ತಡೆಯುತ್ತದೆ. ತೊಂದರೆ ಬರುವುದು ಮಾರ್ಚ್ ಏಪ್ರಿಲ್‌ನಲ್ಲಿ. ಮೇಲಿನ ಪದರ ಕರಗುತ್ತದೆ, ಕೆಳಗಿನದು ಇನ್ನೂ ಮಂಜುಗಡ್ಡೆಯಾಗಿಯೇ ಇರುತ್ತದೆ. ಕರಗಿದ ನೀರಿಗೆ ಇಳಿದುಹೋಗಲು ದಾರಿ ಇರುವುದಿಲ್ಲ. ಡಾಂಬರಿನ ಅಡಿಯ ಮಣ್ಣು ಕೆಸರಾಗುತ್ತದೆ. ಅದಕ್ಕೇ ಪ್ರತಿ ವಸಂತದಲ್ಲಿ ರಾಜ್ಯ ಮತ್ತು ಕೌಂಟಿಗಳು ಅಚ್ಚಿಗೆ ಇಷ್ಟೇ ಟನ್ ಎಂದು ಮಿತಿ ಹಾಕುತ್ತವೆ. ರೈತರಿಗೆ ಬಿತ್ತನೆಗೆ ಮುಂಚೆ ಹಳೇ ಧಾನ್ಯ ಸಾಗಿಸಬೇಕು, ಗೊಬ್ಬರ ತರಿಸಬೇಕು. ಅದೇ ವಾರಗಳಲ್ಲಿ ರಸ್ತೆ ಅತಿ ದುರ್ಬಲ. ಟ್ರಕ್ಕನ್ನು ಅರ್ಧ ತುಂಬಿಸಿ ಎರಡು ಸಲ ಓಡಿಸಬೇಕಾಗುತ್ತದೆ.

ನೀರಿನ ಕತೆ ಇನ್ನೊಂದು. ಕೌಂಟಿಯ ಪಶ್ಚಿಮ ಭಾಗದಲ್ಲಿ ಹಿಮನದಿಗಳು ಕೊರೆದು ಬಿಟ್ಟುಹೋದ ಸಾವಿರಾರು ತಗ್ಗುಗಳಿವೆ. ಅವು ತುಂಬಿಕೊಂಡು ಸಣ್ಣ ಸಣ್ಣ ಕೆರೆಗಳಾಗುತ್ತವೆ. ಉತ್ತರ ಅಮೆರಿಕದ ಬಾತುಗಳ ದೊಡ್ಡ ಪಾಲು ಮರಿ ಮಾಡುವುದು ಇಂಥ ಬಯಲುಗಳಲ್ಲೇ. ಇವಕ್ಕೆ ಹೊರಹೋಗುವ ತೊರೆ ಇರುವುದಿಲ್ಲ, ನೀರು ಆವಿಯಾಗಿಯೇ ಹೋಗಬೇಕು. 1993ರಿಂದ ಈ ಭಾಗದಲ್ಲಿ ಮಳೆ ಜಾಸ್ತಿಯಾದ ದೊಡ್ಡ ಅವಧಿಯೊಂದು ಶುರುವಾಯಿತು. ಉತ್ತರಕ್ಕಿರುವ ಡೆವಿಲ್ಸ್ ಲೇಕ್ ಎಂಬ ದೊಡ್ಡ ಸರೋವರ 2011ರ ಹೊತ್ತಿಗೆ ಸುಮಾರು 30 ಅಡಿ ಮೇಲೇರಿತ್ತು. ಸ್ಟಟ್ಸ್‌ಮನ್‌ನ ಸಣ್ಣ ಕೆರೆಗಳೂ ಹಿಗ್ಗಿದವು. ಚೌಕದ ಗೆರೆಗಳು ಬಾಗುವುದಿಲ್ಲ ಅಂದೆನಲ್ಲ, ಅದರ ಬೆಲೆ ಇಲ್ಲಿ ತಿಳಿಯುತ್ತದೆ. ರಸ್ತೆ ನೇರವಾಗಿ ನೀರೊಳಗೆ ಹೋಗಿ ಆ ಕಡೆ ಏಳುತ್ತದೆ. ಅದನ್ನು ಎತ್ತರಿಸಬೇಕಾದರೆ ಲಾರಿಗಟ್ಟಲೆ ಮಣ್ಣು ಬೇಕು. ಎಷ್ಟೋ ಕೆರೆಗಳು ವನ್ಯಜೀವಿ ಇಲಾಖೆಯ ಒಪ್ಪಂದದ ಅಡಿ ರಕ್ಷಿತ, ಸುಮ್ಮನೆ ಮಣ್ಣು ಸುರಿಯುವಂತಿಲ್ಲ. 2009ರ ವಸಂತದಲ್ಲಂತೂ ಜೇಮ್ಸ್‌ಟೌನ್ ಪಕ್ಕದ ಎರಡೂ ಜಲಾಶಯಗಳಿಗೆ ದಾಖಲೆಯ ನೀರು ಬಂತು. ಕೌಂಟಿಯ ರಸ್ತೆ ಸಿಬ್ಬಂದಿ ಆ ವರ್ಷ ಹೊಸ ರಸ್ತೆಯ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ

ಅಮೆರಿಕದಲ್ಲಿ ಹಳ್ಳಿ ರಸ್ತೆಗೆ ದುಡ್ಡು ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆ, ಇನ್ನೊಂದು ಆಸ್ತಿ ತೆರಿಗೆ.

ಕೇಂದ್ರದ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. 1993ರಿಂದ ಅದು ಒಂದು ಸೆಂಟೂ ಏರಿಲ್ಲ. ಉತ್ತರ ಡಕೋಟಾದ ತೆರಿಗೆ 23 ಸೆಂಟ್, ಅದೂ 2005ರಿಂದ ಅಲ್ಲೇ ನಿಂತಿದೆ. ತೆರಿಗೆ ಇರುವುದು ಬೆಲೆಯ ಮೇಲಲ್ಲ, ಗ್ಯಾಲನ್ ಮೇಲೆ. ಹಾಗಾಗಿ ಪೆಟ್ರೋಲ್ ಎಷ್ಟೇ ದುಬಾರಿಯಾದರೂ ರಸ್ತೆಗೆ ಬರುವ ಪಾಲು ಏರುವುದಿಲ್ಲ. ಆದರೆ ಡಾಂಬರು ಕಚ್ಚಾ ತೈಲದಿಂದಲೇ ಬರುವ ಪದಾರ್ಥ. 2010ಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಅದರ ಬೆಲೆ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ರಾಜ್ಯದ ಹೆದ್ದಾರಿ ನಿಧಿ ಹಂಚುವಾಗ 61.3 ಶೇಕಡಾ ರಾಜ್ಯದ ಹೆದ್ದಾರಿಗಳಿಗೆ ಹೋಗುತ್ತದೆ, 34.5 ಶೇಕಡಾ ಕೌಂಟಿ ಮತ್ತು ನಗರಗಳಿಗೆ. ಆರು ಮೈಲಿ ಚೌಕಗಳ ಸ್ಥಳೀಯ ಸರ್ಕಾರಗಳಾದ ಟೌನ್‌ಶಿಪ್‌ಗಳಿಗೆ ಸಿಗುವುದು 2.7 ಶೇಕಡಾ.

2021ರಲ್ಲಿ ಬೈಡನ್ ಸರ್ಕಾರ 1.2 ಲಕ್ಷ ಕೋಟಿ ಡಾಲರ್‌ನ ಮೂಲಸೌಕರ್ಯ ಕಾನೂನು ತಂದಾಗ ಹಳ್ಳಿ ರಸ್ತೆಗಳ ಕಷ್ಟ ಮುಗಿಯಿತು ಎಂದು ದೂರದಲ್ಲಿದ್ದವರಿಗೆ ಅನ್ನಿಸಿತ್ತು. ಕೇಂದ್ರದ ಹೆದ್ದಾರಿ ನೆರವಿಗೆ ಒಂದು ಹಳೆಯ ಷರತ್ತು ಇದೆ. ಸ್ಥಳೀಯ ರಸ್ತೆ ಎಂದು ವರ್ಗೀಕರಣ ಆದವುಗಳಿಗೆ ಮಾಮೂಲಿಯಾಗಿ ಅದು ಸಿಗುವುದಿಲ್ಲ. ಮೈಲಿಗೊಂದು ಗೆರೆಯ ಮೇಲಿನ ರಸ್ತೆಗಳೆಲ್ಲ ಬಹುತೇಕ ಅದೇ ವರ್ಗಕ್ಕೆ ಸೇರುತ್ತವೆ. ಸೇತುವೆಗಳಿಗೆ ಮಾತ್ರ ಆ ಕಾನೂನು ದೊಡ್ಡ ಸಹಾಯ ಮಾಡಿತು. ನೆರವಿನ ಜಾಲದ ಹೊರಗಿರುವ ಸ್ಥಳೀಯ ಸೇತುವೆಗಳಿಗೂ ಒಂದು ಪಾಲು ತೆಗೆದಿಟ್ಟು, ಪೂರ್ತಿ ಖರ್ಚನ್ನು ಕೇಂದ್ರವೇ ಕೊಡಲು ಅವಕಾಶ ಮಾಡಿತು. ಅಯೋವಾದಂಥ ರಾಜ್ಯಕ್ಕೆ ಇದು ತುಂಬಾ ಬೇಕಾಗಿತ್ತು. ದೇಶದಲ್ಲಿ ಕೆಟ್ಟ ಸ್ಥಿತಿಯಲ್ಲಿರುವ ಸೇತುವೆಗಳು ಸಂಖ್ಯೆಯಲ್ಲಿ ಅತಿ ಹೆಚ್ಚು ಇರುವುದು ಅಲ್ಲೇ, ಅವುಗಳಲ್ಲಿ ಬಹುಪಾಲು ಕೌಂಟಿಗಳ ಒಡೆತನದಲ್ಲಿವೆ.

ಉಳಿದದ್ದು ಆಸ್ತಿ ತೆರಿಗೆ. ಜಮೀನೇ ಆಸ್ತಿಯಾದ ಕಡೆ ಅದರ ಹೊರೆ ರೈತರ ಮೇಲೆ ಜಾಸ್ತಿ. ಬೆಳೆಯ ಬೆಲೆ ಬಿದ್ದ ವರ್ಷವೂ ತೆರಿಗೆ ಚೀಟಿ ಬರುತ್ತದೆ. ಜೇಮ್ಸ್‌ಟೌನ್‌ನಲ್ಲಿ ಮನೆ ಇರುವವರು ಹಳ್ಳಿ ರಸ್ತೆಗೆ ನಾವೇಕೆ ಕೊಡಬೇಕು ಎಂದು ಕೇಳುತ್ತಾರೆ. ಹಳ್ಳಿಯವರು ನಮ್ಮ ದುಡ್ಡನ್ನು ಕೌಂಟಿ ಸರಿಯಾಗಿ ಬಳಸಿಲ್ಲ ಅನ್ನುತ್ತಾರೆ. 2010ರ ಜೂನ್‌ನ ಮತದಾನವನ್ನು ಜಿಪುಣತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಇಡೀ ದೇಶಕ್ಕೆ ಗೋಧಿ, ಸೋಯಾ ಕಳಿಸುವ ರಸ್ತೆಯ ಖರ್ಚನ್ನು ಕೆಲವೇ ಸಾವಿರ ಮನೆಗಳು ಹೊರಬೇಕು ಅನ್ನುವ ವ್ಯವಸ್ಥೆಯೇ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ.

ಅದೇ ರಾಜ್ಯದ ತೈಲ ಸೀಮೆಗಳ ಕತೆ ಬೇರೆ. ರಾಜ್ಯದ ಪಶ್ಚಿಮದಲ್ಲಿ ಬಾಕ್ಕೆನ್ ಎಂಬ ಕಲ್ಲಿನ ಪದರದ ತೈಲ ಸಿಕ್ಕ ಮೇಲೆ ಅಲ್ಲಿನ ಕೌಂಟಿಗಳಿಗೆ ತೈಲ ತೆರಿಗೆಯ ಪಾಲು ಬಂತು. ಸ್ಟಟ್ಸ್‌ಮನ್ ಪೂರ್ವದ ಕಡೆಯದು, ಅಲ್ಲಿ ತೈಲ ಇಲ್ಲ. 2019ರಲ್ಲಿ ರಾಜ್ಯ ಶಾಸಕಾಂಗ ಈ ಅಸಮಾನತೆ ತಗ್ಗಿಸಲು ಒಂದು ಕಾನೂನು ಮಾಡಿತು. ಪ್ರೈರಿ ಡಾಗ್ ಎಂದು ಅದಕ್ಕೆ ಹೆಸರು. ತೈಲ ಆದಾಯ ಚೆನ್ನಾಗಿದ್ದರೆ ಎರಡು ವರ್ಷಕ್ಕೊಮ್ಮೆ 25 ಕೋಟಿ ಡಾಲರ್‌ವರೆಗೆ ತೈಲ ಇಲ್ಲದ ಕೌಂಟಿ, ಟೌನ್‌ಶಿಪ್, ನಗರ ಮತ್ತು ವಿಮಾನ ನಿಲ್ದಾಣಗಳಿಗೆ ಹಂಚಬೇಕು. ಒಳ್ಳೆಯ ಕಾನೂನು. ಆದರೆ ತೈಲದ ಆದಾಯ ಕುಸಿದರೆ ಈ ಹಣವೂ ತಡವಾಗುತ್ತದೆ. ಮೋರಿ ಕೊಚ್ಚಿಹೋಗಲು ಅಂಥ ಲೆಕ್ಕ ಗೊತ್ತಿಲ್ಲ.

ಜಲ್ಲಿ ರಸ್ತೆಯ ಬಗ್ಗೆ ಎರಡು ಮಾತು

ಡಾಂಬರಿನಿಂದ ಜಲ್ಲಿಗೆ ಮರಳಿದ್ದು ಸ್ಟಟ್ಸ್‌ಮನ್ ಮಾತ್ರ ಅಲ್ಲ. ಆ ವರ್ಷಗಳಲ್ಲಿ ಮಿಷಿಗನ್‌ನ 83 ಕೌಂಟಿಗಳಲ್ಲಿ 38 ಹೀಗೆ ಮಾಡಿದ್ದವು. ದಕ್ಷಿಣ ಡಕೋಟಾದಲ್ಲಿ 2009ರಲ್ಲಿ ಕನಿಷ್ಠ ನೂರು ಮೈಲಿ ಹೀಗಾಯಿತು. 2016ರಲ್ಲಿ ಬಂದ ಒಂದು ರಾಷ್ಟ್ರೀಯ ಅಧ್ಯಯನ 27 ರಾಜ್ಯಗಳಲ್ಲಿ ಇಂಥ ಉದಾಹರಣೆಗಳನ್ನು ಪತ್ತೆ ಮಾಡಿತು.

ಜಲ್ಲಿ ರಸ್ತೆ ಅಂದರೆ ಸೋಲು ಎಂದು ನೋಡುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ರಸ್ತೆಗಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇವತ್ತಿಗೂ ಡಾಂಬರು ಇಲ್ಲ. ಗುಂಡಿ ಬಿದ್ದ ಡಾಂಬರಿಗಿಂತ ಚೆನ್ನಾಗಿಟ್ಟ ಜಲ್ಲಿ ರಸ್ತೆ ಎಷ್ಟೋ ವಾಸಿ. ಡಾಂಬರಿನ ಗುಂಡಿ ಮುಚ್ಚಲು ಸಾಮಗ್ರಿ, ಯಂತ್ರ, ಒಣ ಹವೆ ಎಲ್ಲ ಬೇಕು. ಜಲ್ಲಿ ರಸ್ತೆಯಾದರೆ ಗ್ರೇಡರ್ ಬಂದು ಒಂದು ಸಲ ಕೆರೆದು ಸಮ ಮಾಡಿದರೆ ಗುಂಡಿ ಹೋಗುತ್ತದೆ. ಹಳೇ ಡಾಂಬರನ್ನು ಪುಡಿ ಮಾಡಿ ಅಡಿಯ ಜಲ್ಲಿಯೊಂದಿಗೆ ಬೆರೆಸಿದರೆ ಒಳ್ಳೆಯ ಮೇಲ್ಪದರ ಸಿಗುತ್ತದೆ. ಅದರಲ್ಲಿ ಉಳಿದ ಟಾರು ಕಲ್ಲುಗಳನ್ನು ಹಿಡಿದಿಡುತ್ತದೆ, ಧೂಳು ಕಡಿಮೆ.

ಆದರೆ ಅದು ಕೆಲಸ ಬೇಡುವ ರಸ್ತೆ. ನಡುವೆ ಉಬ್ಬಿರಬೇಕು, ಎರಡೂ ಕಡೆಗೆ ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಇರಬೇಕು. ಆ ಉಬ್ಬು ತಗ್ಗಿದರೆ ನೀರು ನಡುವೆಯೇ ನಿಲ್ಲುತ್ತದೆ, ರಸ್ತೆ ಮುಗಿದಂತೆ. ಜಲ್ಲಿಯಲ್ಲಿ ಜೇಡಿಯ ಅಂಶ ಕಡಿಮೆಯಾದರೆ ಕಲ್ಲು ಬಿಡುತ್ತದೆ, ಜಾಸ್ತಿಯಾದರೆ ಮಳೆಯಲ್ಲಿ ಜಾರುತ್ತದೆ. ಒಣ ಹವೆಯಲ್ಲಿ ವೇಗವಾಗಿ ಗಾಡಿ ಓಡಿಸಿದರೆ ಮೇಲ್ಮೈಯಲ್ಲಿ ಅಲೆಅಲೆಯಾಗಿ ಏಣುಗಳು ಬೀಳುತ್ತವೆ. ಗ್ರೇಡರ್ ಓಡಿಸುವವನ ಕೈಚಳಕ ಇಲ್ಲಿ ದೊಡ್ಡದು. ಬ್ಲೇಡಿನ ಕೋನ ಸ್ವಲ್ಪ ತಪ್ಪಿದರೂ ಒಳ್ಳೆಯ ಜಲ್ಲಿ ಚರಂಡಿಗೆ ಹೋಗಿ ಬೀಳುತ್ತದೆ. ಅನುಭವ ಇರುವ ಅಂಥ ಕೆಲಸಗಾರರು ನಿವೃತ್ತರಾದಾಗ ಅವರ ಜಾಗ ತುಂಬುವುದು ಸಣ್ಣ ಕೌಂಟಿಗಳಿಗೆ ಸುಲಭ ಅಲ್ಲ.

ಮುಖ್ಯವಾದ ಪ್ರಶ್ನೆ ಎಲ್ಲಿ ಜಲ್ಲಿ, ಎಲ್ಲಿ ಡಾಂಬರು ಅನ್ನುವುದು. ದಿನಕ್ಕೆ ಸುಮಾರು 150 ಗಾಡಿಗಿಂತ ಕಡಿಮೆ ಓಡುವ ಕಡೆ ಜಲ್ಲಿಯೇ ಲಾಭ ಎಂದು ಬಯಲು ಸೀಮೆಯ ಎಂಜಿನಿಯರ್‌ಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಸಂಖ್ಯೆಯೊಂದನ್ನೇ ನೋಡಿದರೆ ಸ್ಪಿರಿಟ್‌ವುಡ್‌ನಂಥ ಜಾಗದಲ್ಲಿ ಲೆಕ್ಕ ತಪ್ಪುತ್ತದೆ. 2010ರಲ್ಲೇ ಅಲ್ಲಿ ಕಾರ್ಗಿಲ್ ಕಂಪನಿಯ ಮಾಲ್ಟ್ ಕಾರ್ಖಾನೆ ಇತ್ತು. ಬಾರ್ಲಿ ಟ್ರಕ್‌ಗಳು ಓಡಾಡುತ್ತಿದ್ದವು. ಇಂಥ ರಸ್ತೆಯನ್ನು ಅರೆಯುತ್ತೀರಾ ಎಂದು ಅಲ್ಲಿನ ಕೆಲವರು ರಾಜ್ಯಪಾಲರಿಗೂ ಬರೆದಿದ್ದರು. ಆಮೇಲೆ ಅಲ್ಲಿ ವಿದ್ಯುತ್ ಸ್ಥಾವರ ಬಂತು. 2015ರಲ್ಲಿ ಎಥನಾಲ್ ಕಾರ್ಖಾನೆ ಶುರುವಾಯಿತು. 2023ರಲ್ಲಿ ಆ ಹಳೇ ಮಾಲ್ಟ್ ಕಾರ್ಖಾನೆಯ ಜಾಗದಲ್ಲೇ ಎಡಿಎಂ ಮತ್ತು ಮ್ಯಾರಥಾನ್ ಕಂಪನಿಗಳು ಸೇರಿ ಗ್ರೀನ್ ಬೈಸನ್ ಎಂಬ ಸೋಯಾ ಘಟಕ ತೆರೆದವು. ರಾಜ್ಯದಲ್ಲಿ ಸೋಯಾಗೆಂದೇ ಕಟ್ಟಿದ ಮೊದಲ ಘಟಕ ಅದು. ದಿನಕ್ಕೆ ಒಂದೂವರೆ ಲಕ್ಷ ಬುಶೆಲ್ (ಬುಶೆಲ್ ಅಂದರೆ ಅಮೆರಿಕದ ಧಾನ್ಯದ ಅಳತೆ) ಅರೆಯುವ ಸಾಮರ್ಥ್ಯ. ಒಂದು ಸೆಮಿ ಟ್ರಕ್ ಸುಮಾರು 900 ಬುಶೆಲ್ ಸೋಯಾ ಒಯ್ಯುತ್ತದೆ. ಎಲ್ಲವೂ ಟ್ರಕ್ಕಿನಲ್ಲೇ ಬಂದರೆ ದಿನಕ್ಕೆ 160ಕ್ಕೂ ಜಾಸ್ತಿ ತುಂಬಿದ ಟ್ರಕ್. ಅವು ಕಾರ್ಖಾನೆ ಬಾಗಿಲಿನಲ್ಲಿ ಹುಟ್ಟುವುದಿಲ್ಲ. ಸುತ್ತಮುತ್ತಲಿನ ಕೌಂಟಿಗಳ ಜಲ್ಲಿ ರಸ್ತೆಗಳಿಂದಲೇ ಬರಬೇಕು.

ರೈತರಿಗೆ ಇದು ಒಳ್ಳೆಯ ಸುದ್ದಿ, ಅದರಲ್ಲಿ ಅನುಮಾನ ಇಲ್ಲ. ಸೋಯಾವನ್ನು ಸಾವಿರಾರು ಮೈಲಿ ದೂರದ ಬಂದರಿಗೆ ಕಳಿಸುವ ಬದಲು ಪಕ್ಕದಲ್ಲೇ ಮಾರಬಹುದು. ಆದರೆ ಕಾರ್ಖಾನೆ ಕರೆತರುವಾಗ ಸರ್ಕಾರಗಳು ಬಾಗಿಲಿನ ಮುಂದಿನ ರಸ್ತೆಯ ಬಗ್ಗೆ ಮಾತಾಡುತ್ತವೆ, ಮೂವತ್ತು ಮೈಲಿ ಆಚೆಯ ಟೌನ್‌ಶಿಪ್ ರಸ್ತೆಯ ಬಗ್ಗೆ ಮಾತಾಡುವುದಿಲ್ಲ. ಭಾರ ಎಲ್ಲಿಂದ ಬರುತ್ತದೋ ಅಲ್ಲಿಯವರೆಗೂ ದುಡ್ಡು ಹೋಗಬೇಕು. ಧಾನ್ಯ ಸಾಗುವ ದಾರಿಗಳನ್ನು ಗುರುತಿಸಿ, ಅವನ್ನು ಗಟ್ಟಿಯಾಗಿ ಕಟ್ಟಿ, ಭಾರದ ಟ್ರಕ್‌ಗಳನ್ನು ಅಲ್ಲೇ ಓಡಿಸಬೇಕು. ಉತ್ತರ ಡಕೋಟಾ ಸ್ಟೇಟ್ ಯೂನಿವರ್ಸಿಟಿಯ ಸಾರಿಗೆ ಸಂಸ್ಥೆ ಕೌಂಟಿ ಮತ್ತು ಟೌನ್‌ಶಿಪ್ ರಸ್ತೆಗಳ ಅಗತ್ಯದ ಬಗ್ಗೆ ಶಾಸಕಾಂಗಕ್ಕೆ ನಿಯಮಿತವಾಗಿ ಅಧ್ಯಯನ ಮಾಡಿ ಕೊಡುತ್ತದೆ. ಮಾಹಿತಿಗೆ ಬರ ಇಲ್ಲ. ಕೊರತೆ ಇರುವುದು, ಈ ರಸ್ತೆಗೆ ಹಾಕುತ್ತೇವೆ, ಆ ರಸ್ತೆಗೆ ಹಾಕುವುದಿಲ್ಲ ಎಂದು ಜನರ ಮುಂದೆ ಹೇಳುವ ಧೈರ್ಯಕ್ಕೆ.

ಯಾವುದನ್ನು ಕೈಬಿಡುವುದು

ರಸ್ತೆ ಮುಚ್ಚುವುದು ಕಾಗದದ ಮೇಲೆ ಸುಲಭ. ನಿಜವಾಗಿ ತುಂಬಾ ಕಷ್ಟ. ಯಾರೂ ವಾಸ ಇಲ್ಲದ ಮೈಲಿಯೂ ಯಾರದೋ ಹೊಲಕ್ಕೆ ದಾರಿ. ಬಿತ್ತನೆ ಯಂತ್ರ, ಕಟಾವು ಯಂತ್ರ ಅಲ್ಲಿಂದಲೇ ಹೋಗಬೇಕು. ಬೇಟೆಗೆ ಬರುವವರಿಗೂ ಸೆಕ್ಷನ್ ಗೆರೆಯ ಹಕ್ಕು ಮುಖ್ಯ. ಅದಕ್ಕೇ ನಡುದಾರಿಯೊಂದು ಹುಟ್ಟಿಕೊಂಡಿದೆ. ಕನಿಷ್ಠ ನಿರ್ವಹಣೆಯ ರಸ್ತೆ, ನಿಮ್ಮ ಸ್ವಂತ ಜವಾಬ್ದಾರಿಯಲ್ಲಿ ಹೋಗಿ ಎಂಬ ಅರ್ಥದ ಫಲಕ ಹಾಕಿ ಬಿಡುತ್ತಾರೆ. ಅಯೋವಾದಲ್ಲಿ ಇಂಥವಕ್ಕೆ ಲೆವೆಲ್ ಬಿ ರಸ್ತೆ ಅನ್ನುತ್ತಾರೆ. ಉತ್ತರ ಡಕೋಟಾದ ಕಾನೂನಿನಲ್ಲೂ ಅವಕಾಶ ಇದೆ. ಇದು ಪ್ರಾಮಾಣಿಕವಾದ ದಾರಿ ಎಂದೇ ನನ್ನ ಅನಿಸಿಕೆ. ಫಲಕ ಹಾಕದೆ, ಗ್ರೇಡರನ್ನೂ ಕಳಿಸದೆ ಸುಮ್ಮನಿರುವುದಕ್ಕಿಂತ ಎಷ್ಟೋ ಮೇಲು.

ಕೈಬಿಡಲೇಬಾರದ ರಸ್ತೆಗಳೂ ಇವೆ. ಆಸ್ಪತ್ರೆ ಇರುವುದು ಜೇಮ್ಸ್‌ಟೌನ್‌ನಲ್ಲಿ. ಕೌಂಟಿಯ ಮೂಲೆಯ ಮನೆಯಿಂದ ಅದು ನಲವತ್ತು ಮೈಲಿ ಆಗಬಹುದು. ಹಿಮಗಾಳಿ ಬೀಸಿದ ರಾತ್ರಿ ಹೆರಿಗೆ ನೋವು ಬಂದರೆ, ಎದೆ ನೋವು ಬಂದರೆ, ಮೊದಲು ಹಿಮ ತೆಗೆಯುವ ಗಾಡಿ ಹೋಗಬೇಕು, ಅದರ ಹಿಂದೆ ಆಂಬುಲೆನ್ಸ್. ಇಂಥ ಕಡೆ ಹಳ್ಳಿಯ ಆಂಬುಲೆನ್ಸ್ ಸೇವೆ ನಡೆಯುವುದು ಹೆಚ್ಚಾಗಿ ಸ್ವಯಂಸೇವಕರಿಂದ. ಶಾಲೆಗಳು ಒಂದಾದ ಮೇಲೆ ಮಕ್ಕಳು ಬಸ್‌ನಲ್ಲಿ ದೂರ ಹೋಗುತ್ತಾರೆ. ಮನೆ ಇರುವ ಪ್ರತಿ ಕಡೆಗೆ ಎಲ್ಲ ಕಾಲದಲ್ಲೂ ತಲುಪುವ ಒಂದೇ ಒಂದು ದಾರಿಯಾದರೂ ಗ್ಯಾರಂಟಿ ಇರಬೇಕು. ನಾಲ್ಕು ದಿಕ್ಕಿನಿಂದ ಬೇಡ, ಒಂದು ದಿಕ್ಕಿನಿಂದ ಸಾಕು. ಅಷ್ಟನ್ನು ಮೊದಲು ಬರೆದಿಟ್ಟರೆ, ಉಳಿದ ಮೂರು ಮೈಲಿಗಳ ಬಗ್ಗೆ ಮಾತಾಡಲು ಜನರೂ ತಯಾರಾಗುತ್ತಾರೆ.

ಈ ಮಾತು ಈಗ ತುರ್ತಾಗಿರುವುದಕ್ಕೆ ಕಾರಣ ಇದೆ. 2024ರ ನವೆಂಬರ್‌ನಲ್ಲಿ ಉತ್ತರ ಡಕೋಟಾದ ಮತದಾರರ ಮುಂದೆ ಆಸ್ತಿ ತೆರಿಗೆಯನ್ನೇ ತೆಗೆದುಹಾಕುವ ಪ್ರಸ್ತಾಪ ಬಂದಿತ್ತು. ಗೆದ್ದಿದ್ದರೆ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡಿರುವ ಕೌಂಟಿ, ಟೌನ್‌ಶಿಪ್‌ಗಳೆಲ್ಲ ರಾಜ್ಯದ ಕೈ ನೋಡಬೇಕಾಗುತ್ತಿತ್ತು. ಸುಮಾರು 63 ಶೇಕಡಾ ಜನ ಬೇಡ ಎಂದು ಮತ ಹಾಕಿದರು. ಆದರೆ ಸಿಟ್ಟು ತಣ್ಣಗಾಗಲಿಲ್ಲ. 2025ರಲ್ಲಿ ಶಾಸಕಾಂಗ ಹೊಸ ಕಾನೂನು ಮಾಡಿತು. ಸ್ವಂತ ಮನೆಯಲ್ಲಿ ವಾಸ ಇರುವವರಿಗೆ ವರ್ಷಕ್ಕೆ 1,600 ಡಾಲರ್‌ವರೆಗೆ ರಿಯಾಯಿತಿ. ಜೊತೆಗೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಸಂಗ್ರಹವನ್ನು ವರ್ಷಕ್ಕೆ 3 ಶೇಕಡಾಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಏರಿಸಬೇಕಾದರೆ ಮತದಾರರನ್ನು ಕೇಳಬೇಕು. ಮನೆ ಮಾಲೀಕರಿಗೆ ಇದು ನೆಮ್ಮದಿ. ರಸ್ತೆ ಇಲಾಖೆಗೆ ಮಾತ್ರ ಜಲ್ಲಿ, ಡೀಸೆಲ್, ಗ್ರೇಡರ್ ಬೆಲೆಗಳು 3 ಶೇಕಡಾ ಒಳಗೇ ಏರಲಿ ಎಂದು ಕಾಯುವ ಪರಿಸ್ಥಿತಿ.

ಇನ್ನು ಟೌನ್‌ಶಿಪ್‌ಗಳು. ಉತ್ತರ ಡಕೋಟಾದಲ್ಲಿ ಪ್ರತಿ ಮಾರ್ಚ್‌ನ ಮೂರನೇ ಮಂಗಳವಾರ ಟೌನ್‌ಶಿಪ್‌ಗಳ ವಾರ್ಷಿಕ ಸಭೆ. ಮೂವರು ಮೇಲ್ವಿಚಾರಕರು, ಹೆಚ್ಚಾಗಿ ರೈತರೇ. ಯಾವ ಮೈಲಿಗೆ ಜಲ್ಲಿ, ಯಾರ ಮನೆ ಮುಂದಿನ ಮೋರಿ ಎಂದು ತೀರ್ಮಾನ ಆಗುವುದು ಅಲ್ಲಿ. ತಮ್ಮ ರಸ್ತೆಯನ್ನು ತಾವೇ ನಡೆದು ನೋಡಿದವರು ತೀರ್ಮಾನ ಮಾಡುವ ಇಂಥ ಸಭೆಗಳ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ 36 ಚದರ ಮೈಲಿಯಲ್ಲಿ ಹತ್ತು ಹದಿನೈದು ಮನೆ ಮಾತ್ರ ಉಳಿದಾಗ, ಅದರಲ್ಲೂ ಅರ್ಧ ವಯಸ್ಸಾದವರಾದಾಗ, ಆ ಮೂರು ಸ್ಥಾನ ತುಂಬುವುದೇ ಕಷ್ಟ. ಜನ ಸಿಗದಿದ್ದರೆ ಟೌನ್‌ಶಿಪ್ ಸರ್ಕಾರವನ್ನು ವಿಸರ್ಜಿಸಲು ಕಾನೂನಿನಲ್ಲಿ ಅವಕಾಶ ಇದೆ. ಆಗ ಅದರ ರಸ್ತೆಗಳು, ಮೋರಿಗಳು, ನೀರಲ್ಲಿ ಮುಳುಗಿದ ಮೈಲಿಗಳು ಎಲ್ಲವೂ ಕೌಂಟಿಯ ಜವಾಬ್ದಾರಿಗೆ ಬರುತ್ತವೆ. 3 ಶೇಕಡಾ ಮಿತಿ ಇರುವ ಅದೇ ಬಜೆಟ್‌ನಿಂದಲೇ ಅವನ್ನೂ ನೋಡಿಕೊಳ್ಳಬೇಕು.